ಮ್ಯಾಟ್ರಿಕ್ಸಿನ ಮೂಲೆಯಲ್ಲಿ ಕುಳಿತಿರುವ ಲೈಬ್ನಿಟ್ಸ್ ನಿಯಮ

ಇತ್ತೀಚೆಗೆ ಕೊಟ್ಟ ಒಂದು ಉಪನ್ಯಾಸವನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಹಲಗೆಯ ಮೇಲೆ ಬರೆದಿದ್ದ ಲೆಕ್ಕಗಳನ್ನು ಸಾಲಿನೊಳಗೇ ಸೇರಿಸಿದ್ದೇನೆ. ಒಂದು ಹಾಳೆ, ಒಂದು ಪೆನ್ನು ಪಕ್ಕದಲ್ಲಿರಲಿ. ಈ ವಿಷಯವನ್ನು ಸುಮ್ನೆ ಓದಿದರೆ ಅರ್ಧ ಮಾತ್ರ ಸಿಗುತ್ತದೆ, ಉಳಿದರ್ಧ ಕೈಯಾರೆ ಗುಣಿಸಿದಾಗ ಸಿಗುತ್ತದೆ.

ನೇರವಾಗಿ ಒಂದು ಲೆಕ್ಕದಿಂದಲೇ ಶುರು ಮಾಡೋಣ. 2×2 ಮ್ಯಾಟ್ರಿಕ್ಸ್ ಒಂದನ್ನು ತೆಗೆದುಕೊಳ್ಳಿ, ಎಡಗಡೆ ಕೆಳಗಿನ ಜಾಗದಲ್ಲಿ ಸೊನ್ನೆ ಇಡಿ. ಇದೇ ತ್ರಿಕೋನ ಮ್ಯಾಟ್ರಿಕ್ಸ್. ಈಗ ಉಳಿದದ್ದು ಮೂರು ಸಂಖ್ಯೆ: ಕರ್ಣದ ಮೇಲೆ ಎರಡು, ಬಲಗಡೆ ಮೇಲಿನ ಮೂಲೆಯಲ್ಲಿ ಒಂದು. ಅದನ್ನು [ಅ, ಬ, ಕ] ಎಂದು ಬರೆಯುತ್ತೇನೆ. ಅ ಎಂದರೆ ಎಡ-ಮೇಲೆ, ಬ ಎಂದರೆ ಮೂಲೆ, ಕ ಎಂದರೆ ಬಲ-ಕೆಳಗೆ. ಮಾಮೂಲಿ ಮ್ಯಾಟ್ರಿಕ್ಸ್ ಗುಣಾಕಾರ ಇಲ್ಲಿ ಹೀಗಾಗುತ್ತದೆ:

[ಅ, ಬ, ಕ] × [ಪ, ಮ, ರ] = [ಅ×ಪ, ಅ×ಮ + ಬ×ರ, ಕ×ರ]

ಕರ್ಣದ ಸಂಖ್ಯೆಗಳು ತಮ್ಮ ಪಾಡಿಗೆ ತಾವು ಗುಣಿಸಿಕೊಳ್ಳುತ್ತವೆ. ಮೂಲೆ ಮಾತ್ರ ಎರಡೂ ಕಡೆಯಿಂದ ಒಂದಿಷ್ಟು ಪಡೆಯುತ್ತದೆ.

ಈಗ [5, 1, 5] ಅನ್ನು ಅದರಿಂದಲೇ ಗುಣಿಸಿ. [25, 10, 25] ಬರುತ್ತದೆ. ಇನ್ನೊಮ್ಮೆ ಗುಣಿಸಿದರೆ [125, 75, 125]. ಕ್ಯಾಲ್ಕುಲಸ್ ನೆನಪಿರುವವರು ಇಲ್ಲಿ ನಿಲ್ಲಬೇಕು. ವರ್ಗದ ನಿಷ್ಪನ್ನ 5ರಲ್ಲಿ 10, ಘನದ ನಿಷ್ಪನ್ನ 5ರಲ್ಲಿ 75, ಅಲ್ವಾ? ವಿಲೋಮ ತೆಗೆದರೂ ಹಾಗೇ: [1/5, −1/25, 1/5]. ನಾವು ಎಲ್ಲೂ ಮಿತಿ ತೆಗೆದುಕೊಂಡಿಲ್ಲ, ಯಾವುದನ್ನೂ ಸೊನ್ನೆಯ ಹತ್ತಿರಕ್ಕೆ ಒಯ್ದಿಲ್ಲ, ಬರೀ ಗುಣಿಸಿದ್ದೇವೆ. ಆದರೂ ಮೂಲೆಯಲ್ಲಿ ನಿಷ್ಪನ್ನ ಬಂದು ಕುಳಿತಿದೆ. ಕಂಪ್ಯೂಟರಿನಲ್ಲಿ ನಿಷ್ಪನ್ನಗಳನ್ನು ತಾನಾಗಿ ಲೆಕ್ಕ ಹಾಕುವ ಒಂದು ವಿಧಾನದ ಒಳಗಿರುವುದೂ ಇದೇ ಗುಣಾಕಾರ.

ಕಾರಣ ಸರಳ. [ಫ, ಫ′, ಫ] ಅನ್ನು [ಗ, ಗ′, ಗ] ಇಂದ ಗುಣಿಸಿದರೆ ಮೂಲೆಯಲ್ಲಿ ಬರುವುದು ಫ×ಗ′ + ಫ′×ಗ. ಅದು ಲೈಬ್ನಿಟ್ಸ್‌ನ ಗುಣಲಬ್ಧ ನಿಯಮ, ಒಂದಕ್ಷರವೂ ಬದಲಾಗದೆ. 1675ರ ನವೆಂಬರಿನ ಟಿಪ್ಪಣಿಗಳಲ್ಲಿ ಲೈಬ್ನಿಟ್ಸ್ ಮೊದಲು ಕೇಳಿಕೊಂಡದ್ದು, ಗುಣಲಬ್ಧದ ವ್ಯತ್ಯಾಸ ಅಂದರೆ ವ್ಯತ್ಯಾಸಗಳ ಗುಣಲಬ್ಧವೇ ಇರಬಹುದಾ ಎಂದು. ಇಲ್ಲ ಎಂದು ಅವನೇ ಬೇಗ ಕಂಡುಕೊಂಡ. ಸರಿಯಾದ ನಿಯಮ 1684ರಲ್ಲಿ ಅಚ್ಚಾಯಿತು. ಆ ಮೊದಲ ಊಹೆ ಎಷ್ಟು ಸಹಜವಾಗಿತ್ತು ಎಂಬುದು ನನಗೆ ಪ್ರತಿ ಸಲ ಅನಿಸುತ್ತದೆ. ಸರಿಯಾದ ನಿಯಮ ಕಣ್ಣಿಗೆ ಚಂದ ಕಾಣುವುದಿಲ್ಲ, ಅದರ ಚಂದ ಮೂಲೆಯಲ್ಲಿಟ್ಟು ನೋಡಿದಾಗಲೇ ತಿಳಿಯುವುದು.

ಇನ್ನು ಮುಖ್ಯ ವಿಷಯ. ಒಂದು ಬೀಜಗಣಿತ, ಅಂದರೆ ಕೂಡಿಸಲು ಮತ್ತು ಗುಣಿಸಲು ಬರುವ ವಸ್ತುಗಳ ಒಂದು ಲೋಕ ಇದೆ ಎಂದುಕೊಳ್ಳಿ. ಅದರ ಮೇಲೆ ಡಿ ಎಂಬ ರೇಖೀಯ ನಕ್ಷೆ, ಅಂದರೆ ಪ್ರತಿ ವಸ್ತುವನ್ನೂ ಇನ್ನೊಂದಕ್ಕೆ ಕಳಿಸುವ, ಮೊತ್ತವನ್ನು ಮೊತ್ತವಾಗಿಯೂ ಸಂಖ್ಯೆಯಿಂದ ಗುಣಿಸಿದ್ದನ್ನು ಹಾಗೆಯೇ ಗುಣಿಸಿದ್ದಾಗಿಯೂ ಉಳಿಸುವ ವಿಧಾನ. ಅದು ಯಾವ ಎರಡು ವಸ್ತುಗಳಿಗೂ ಡಿ(ಎಕ್ಸ್×ವೈ) = ಡಿ(ಎಕ್ಸ್)×ವೈ + ಎಕ್ಸ್×ಡಿ(ವೈ) ಎಂಬ ನಿಯಮ ಪಾಲಿಸಿದರೆ ಅದಕ್ಕೆ ಡೆರಿವೇಶನ್ ಎಂದು ಹೆಸರು. ಇಲ್ಲಿ ಫಲನಗಳೇ ಬೇಕೆಂದಿಲ್ಲ. ನಮ್ಮ ತ್ರಿಕೋನ ಮ್ಯಾಟ್ರಿಕ್ಸ್‌ಗಳೂ ಅಂಥದ್ದೇ ಒಂದು ಲೋಕ. ಅಲ್ಲಿ ಯಾವ ಯಾವ ಡೆರಿವೇಶನ್‌ಗಳಿವೆ? ನಿಯಮವನ್ನು ಸ್ವಲ್ಪ ಸಡಿಲಿಸಿದರೆ ಹೊಸಬರು ಯಾರಾದರೂ ಒಳಗೆ ಬರುತ್ತಾರಾ? ಉಪನ್ಯಾಸವಿಡೀ ಈ ಎರಡು ಪ್ರಶ್ನೆ.

ಡೆರಿವೇಶನ್ ಮಾಡುವ ಸುಲಭದ ದಾರಿ ಒಂದಿದೆ. ಎಮ್ ಎಂಬ ಒಂದು ಮ್ಯಾಟ್ರಿಕ್ಸನ್ನು ಹಿಡಿದಿಟ್ಟುಕೊಂಡು, ಎಕ್ಸ್ ಅನ್ನು ಎಮ್×ಎಕ್ಸ್ − ಎಕ್ಸ್×ಎಮ್ ಗೆ ಕಳಿಸಿ. ಇದು ಲೈಬ್ನಿಟ್ಸ್ ನಿಯಮ ಪಾಲಿಸುತ್ತದೆ, ಬಿಡಿಸಿ ನೋಡಿದರೆ ಮಧ್ಯದ ಎರಡು ಪದಗಳು ಹೊಡೆದುಹೋಗುತ್ತವೆ. ಹೀಗೆ ಬಂದದ್ದಕ್ಕೆ ಒಳ ಡೆರಿವೇಶನ್ ಎನ್ನೋಣ. ಇದರ ಅರ್ಥ ತಿಳಿಯಬೇಕಾದರೆ, ನೋಡುವ ಕೋನವನ್ನು ಕೂದಲೆಳೆಯಷ್ಟು ಬದಲಿಸಿದೆವು ಎಂದುಕೊಳ್ಳಿ. ಆಧಾರ ಸದಿಶಗಳು ಎಮ್ ತೋರಿಸುವ ಕಡೆಗೆ ಚೂರು ಜರುಗಿದರೆ, ಅದೇ ಎಕ್ಸ್ ನಮಗೆ ಎಷ್ಟು ಬದಲಾದಂತೆ ಕಾಣುತ್ತದೋ ಅಷ್ಟೇ ಈ ವ್ಯತ್ಯಾಸ. ವಸ್ತು ಅಲುಗಿಲ್ಲ, ನೋಡುವವರು ಅಲುಗಿದ್ದಾರೆ.

ಎಕ್ಸ್ = [ಅ, ಬ, ಕ], ಎಮ್ = [ಪ, ಮ, ರ] ಇಟ್ಟು ಲೆಕ್ಕ ಹಾಕಿ. ಕರ್ಣದಲ್ಲಿ ಎಲ್ಲ ಹೊಡೆದುಹೋಗುತ್ತದೆ, ಯಾಕೆಂದರೆ ಅಲ್ಲಿರುವುದು ಬರೀ ಸಂಖ್ಯೆಗಳು. ಮೂಲೆಯಲ್ಲಿ ಉಳಿಯುವುದು (ಪ − ರ)×ಬ − ಮ×(ಅ − ಕ). ಅಂದರೆ ಒಳ ಡೆರಿವೇಶನ್ ಏನೇ ಮಾಡಿದರೂ ಅದರ ಫಲ ಮೂಲೆಯಲ್ಲೇ ಬೀಳುತ್ತದೆ, ಮತ್ತು ಅದನ್ನು ತೀರ್ಮಾನಿಸುವುದು ಎರಡೇ ಸಂಖ್ಯೆ: ಪ − ರ ಒಂದು, ಮ ಇನ್ನೊಂದು. ಈ ಎರಡನ್ನು ನಮಗೆ ಬೇಕಾದಂತೆ ಆರಿಸಬಹುದು.

ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಮುಂದೆ ಬರುವ ಎಲ್ಲ ಲೆಕ್ಕಗಳೂ ಇಲ್ಲಿಗೇ ಬಂದು ಸೇರುತ್ತವೆ.

ಈಗ ನಿಯಮವನ್ನು ಸಡಿಲಿಸೋಣ. ಎಲ್ಲ ಗುಣಲಬ್ಧಗಳಿಗೂ ಬೇಡ, ವರ್ಗಗಳಿಗೆ ಮಾತ್ರ ಲೈಬ್ನಿಟ್ಸ್ ನಿಯಮ ಇರಲಿ: ಜೆ(ಎಕ್ಸ್×ಎಕ್ಸ್) = ಜೆ(ಎಕ್ಸ್)×ಎಕ್ಸ್ + ಎಕ್ಸ್×ಜೆ(ಎಕ್ಸ್). ಇದಕ್ಕೆ ಜೋರ್ಡಾನ್ ಡೆರಿವೇಶನ್ ಎನ್ನುತ್ತಾರೆ. ಇಲ್ಲಿನ ಜೋರ್ಡಾನ್ ಭೌತವಿಜ್ಞಾನಿ ಪಾಸ್ಕುವಾಲ್ ಜೋರ್ಡಾನ್, ಮ್ಯಾಟ್ರಿಕ್ಸ್ ಪಾಠದಲ್ಲಿ ಬರುವ ಜೋರ್ಡಾನ್ ರೂಪದ ಕಮಿಲ್ ಜೋರ್ಡಾನ್ ಅಲ್ಲ. ವಿದ್ಯಾರ್ಥಿಗಳು ಇವರಿಬ್ಬರನ್ನು ಒಬ್ಬರೇ ಎಂದುಕೊಳ್ಳುವುದು ಜಾಸ್ತಿ. ಕ್ವಾಂಟಮ್ ಸಿದ್ಧಾಂತದಲ್ಲಿ ಅಳೆಯಬಹುದಾದ ಎರಡು ರಾಶಿಗಳನ್ನು ಗುಣಿಸಿದರೆ ಬರುವುದು ಅಳೆಯಬಹುದಾದ ರಾಶಿಯೇ ಆಗಬೇಕೆಂದಿಲ್ಲ. ಎಕ್ಸ್×ವೈ + ವೈ×ಎಕ್ಸ್ ಆದರೆ ಆಗುತ್ತದೆ. ಅದಕ್ಕೇ 1930ರ ದಶಕದಲ್ಲಿ ಅವರು ಈ ಸಮ್ಮಿತ ಗುಣಲಬ್ಧವನ್ನೇ ಹಿಡಿದು ಹೊರಟರು, 1934ರಲ್ಲಿ ಫಾನ್ ನಾಯ್ಮನ್ ಮತ್ತು ವಿಗ್ನರ್ ಜೊತೆ ಸೇರಿ ಅದರ ಬೀಜಗಣಿತವನ್ನು ಬರೆದರು.

ಪ್ರತಿ ಡೆರಿವೇಶನ್ನೂ ಜೋರ್ಡಾನ್ ಡೆರಿವೇಶನ್. ತಿರುಗಿಸಿ ಹೇಳಿದರೂ ನಿಜವಾ? 1957ರಲ್ಲಿ ಗಣಿತಜ್ಞ ಹರ್ಸ್ಟೈನ್ ಒಂದು ದೊಡ್ಡ ಉತ್ತರ ಕೊಟ್ಟರು. ರಿಂಗ್ ಎಂದರೂ ಕೂಡಿಸಲು, ಗುಣಿಸಲು ಬರುವ ಲೋಕವೇ. ಪ್ರೈಮ್ ರಿಂಗ್ ಎಂಬ ಜಾತಿಯ ರಿಂಗ್‌ಗಳಲ್ಲಿ, ಲಕ್ಷಣಸಂಖ್ಯೆ 2 ಅಲ್ಲದಿದ್ದರೆ (ಅಂದರೆ 1 + 1 ಸೊನ್ನೆಯಾಗದಿದ್ದರೆ), ಜೋರ್ಡಾನ್ ಡೆರಿವೇಶನ್ ಎಲ್ಲವೂ ಡೆರಿವೇಶನ್ನೇ. ಆದರೆ ನಮ್ಮ ತ್ರಿಕೋನ ಲೋಕ ಪ್ರೈಮ್ ಅಲ್ಲ. ಮೂ = [0, 1, 0] ಎಂದಿಟ್ಟುಕೊಳ್ಳಿ. ಮಧ್ಯದಲ್ಲಿ ಯಾವ ಎಕ್ಸ್ ಹಾಕಿದರೂ ಮೂ×ಎಕ್ಸ್×ಮೂ ಸೊನ್ನೆ. ಪ್ರೈಮ್ ಎಂದರೆ ಇದು ನಡೆಯಬಾರದು. ಹಾಗಾಗಿ ಹರ್ಸ್ಟೈನ್ ಪ್ರಮೇಯ ಇಲ್ಲಿ ಕೈಕೊಡುತ್ತದೆ, ಬೇರೆ ದಾರಿ ಹುಡುಕಬೇಕು. ಈ ವಿಷಯದ ಮೇಲೆ ಇಷ್ಟೊಂದು ಪ್ರಬಂಧಗಳು ಬಂದಿರುವುದಕ್ಕೆ ಇದೂ ಒಂದು ಕಾರಣ.

ಬೇರೆ ದಾರಿ ಕೈಯಲ್ಲೇ ಇದೆ. ಇ = [1, 0, 0] ತೆಗೆದುಕೊಳ್ಳಿ. ಇದರ ವರ್ಗ ಇದೇ. ವರ್ಗ ಮಾಡಿದರೂ ಬದಲಾಗದ ಇಂಥ ವಸ್ತುವಿಗೆ ಐಡೆಂಪೊಟೆಂಟ್ ಎನ್ನುತ್ತಾರೆ. ಜೆ(ಇ) ಏನಿರಬಹುದೋ ಗೊತ್ತಿಲ್ಲ, [ಪ, ಮ, ರ] ಎಂದಿರಲಿ. ಜೆ(ಇ)×ಇ ಎಂದರೆ [ಪ, 0, 0]. ಇ×ಜೆ(ಇ) ಎಂದರೆ [ಪ, ಮ, 0]. ಕೂಡಿಸಿದರೆ [2ಪ, ಮ, 0]. ನಿಯಮದ ಪ್ರಕಾರ ಇದು ಜೆ(ಇ×ಇ)ಗೆ, ಅಂದರೆ ಜೆ(ಇ)ಗೇ ಸಮ. ಆದ್ದರಿಂದ ಪ = 2ಪ, ರ = 0. ಪ ಕೂಡ ಸೊನ್ನೆಯಾಯಿತು! ಮೂಲೆಯ ಮ ಒಂದೇ ಉಳಿಯಿತು. ವರ್ಗದ ನಿಯಮವೊಂದನ್ನೇ ಬಳಸಿ, ಒಂದೇ ವಸ್ತುವಿನ ಮೇಲೆ ಒಂದೇ ಸಲ ಲೆಕ್ಕ ಹಾಕಿದ್ದಕ್ಕೆ, ಮೂರು ಜಾಗಗಳಲ್ಲಿ ಎರಡು ಮುಚ್ಚಿಹೋದವು. ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಸಾಲು ಇದು.

ತತ್ಸಮ ಮ್ಯಾಟ್ರಿಕ್ಸ್ [1, 0, 1] ಕೂಡ ಐಡೆಂಪೊಟೆಂಟ್. ಅದೇ ಲೆಕ್ಕ ಹಾಕಿದರೆ ಅದರ ಬೆಲೆ ತನ್ನ ಎರಡರಷ್ಟಕ್ಕೆ ಸಮ ಎಂದು ಬರುತ್ತದೆ, ಅಂದರೆ ಸೊನ್ನೆ. ಹಾಗಾಗಿ [0, 0, 1]ರ ಬೆಲೆ [0, −ಮ, 0]. ಇನ್ನು ಉಳಿದದ್ದು ಮೂ. ವರ್ಗದ ನಿಯಮದಲ್ಲಿ ಎಕ್ಸ್ ಇದ್ದ ಜಾಗಕ್ಕೆ ಎಕ್ಸ್ + ವೈ ಹಾಕಿ ಬಿಡಿಸಿದರೆ ಎಕ್ಸ್×ವೈ + ವೈ×ಎಕ್ಸ್‌ಗೂ ಒಂದು ನಿಯಮ ಸಿಗುತ್ತದೆ. ಇ×ಮೂ = ಮೂ, ಮೂ×ಇ = 0, ಎರಡನ್ನೂ ಕೂಡಿಸಿದರೆ ಮೂ. ನಿಯಮ ಹಾಕಿ ನೋಡಿದರೆ ಮೊದಲಿನ ಕಥೆಯೇ: ಜೆ(ಮೂ)ವಿನ ಎಡ-ಮೇಲಿನ ಸಂಖ್ಯೆ ತನ್ನ ಎರಡರಷ್ಟಕ್ಕೆ ಸಮ, ಬಲ-ಕೆಳಗಿನದು ಸೊನ್ನೆ. ಹಾಗಾಗಿ ಜೆ(ಮೂ) = [0, ಸ, 0].

ಎಲ್ಲ ಸೇರಿಸಿದರೆ ಜೆ([ಅ, ಬ, ಕ])ಯ ಮೂಲೆಯಲ್ಲಿರುವುದು ಸ×ಬ + ಮ×(ಅ − ಕ), ಉಳಿದ ಕಡೆ ಸೊನ್ನೆ. ಇದನ್ನು ಒಳ ಡೆರಿವೇಶನ್‌ನ ಸೂತ್ರದ ಪಕ್ಕದಲ್ಲಿಟ್ಟು ನೋಡಿ. ಎರಡೂ ಒಂದೇ. ಮ ಮುಂದಿನ ಚಿಹ್ನೆ ಮಾತ್ರ ಬೇರೆ, ಅದನ್ನು ನಾವೇ ಆರಿಸುವುದು ತಾನೆ. ಅಂದರೆ ಜೋರ್ಡಾನ್ ಡೆರಿವೇಶನ್, ಡೆರಿವೇಶನ್, ಒಳ ಡೆರಿವೇಶನ್ ಮೂರೂ ಇಲ್ಲಿ ಒಂದೇ ವಸ್ತುವಿನ ಮೂರು ಹೆಸರು. 2×2 ತ್ರಿಕೋನ ಮ್ಯಾಟ್ರಿಕ್ಸ್‌ಗಳ ಮೇಲಿನ ರೇಖೀಯ ನಕ್ಷೆಗಳಿಗೆ 9 ಆಯಾಮ, ಅಂದರೆ ಬೇಕಾದಂತೆ ಆರಿಸಬಹುದಾದ 9 ಸಂಖ್ಯೆಗಳು. ಅದರಲ್ಲಿ ವರ್ಗದ ನಿಯಮ ಉಳಿಸಿಕೊಳ್ಳುವುದು 2 ಆಯಾಮ ಮಾತ್ರ.

ದೊಡ್ಡ ಮ್ಯಾಟ್ರಿಕ್ಸ್‌ಗಳಲ್ಲೂ ಹೀಗೆಯೇ. 10×10 ತ್ರಿಕೋನ ಮ್ಯಾಟ್ರಿಕ್ಸ್‌ಗಳ ಲೋಕಕ್ಕೆ 55 ಆಯಾಮ, ಅದರ ಮೇಲಿನ ರೇಖೀಯ ನಕ್ಷೆಗಳಿಗೆ 3025. ಡೆರಿವೇಶನ್‌ಗಳಿಗೆ 54. ಎಮ್ ಆರಿಸಲು 55 ಸಂಖ್ಯೆಗಳಿವೆ, ಆದರೆ ತತ್ಸಮದ ಗುಣಕವನ್ನು ಎಮ್‌ಗೆ ಸೇರಿಸಿದರೆ ಏನೂ ಬದಲಾಗುವುದಿಲ್ಲ, ಅದಕ್ಕೇ ಒಂದು ಕಮ್ಮಿ. 2006ರಲ್ಲಿ ಝಾಂಗ್ ಮತ್ತು ಯು ಇದನ್ನು ಇನ್ನೂ ವಿಸ್ತರಿಸಿದರು. ಕರ್ಣದಲ್ಲಿ ಸಂಖ್ಯೆಗಳ ಬದಲು ಬೇರೆ ಬೀಜಗಣಿತಗಳನ್ನೇ ಇಟ್ಟು, ಮೂಲೆಯಲ್ಲಿ ಎಡದಿಂದ ಒಂದು, ಬಲದಿಂದ ಇನ್ನೊಂದು ಗುಣಿಸಲು ಬರುವ ವಸ್ತುಗಳ ಗುಂಪನ್ನು, ಅಂದರೆ ಮಾಡ್ಯೂಲ್ ಇಟ್ಟರೆ ಬರುವ ತ್ರಿಕೋನ ಬೀಜಗಣಿತಗಳಲ್ಲೂ, ಸಾಮಾನ್ಯ ಷರತ್ತುಗಳ ಕೆಳಗೆ, ಜೋರ್ಡಾನ್ ಡೆರಿವೇಶನ್ ಎಂದರೆ ಡೆರಿವೇಶನ್ನೇ. ಅನಂತ ಆಯಾಮದಲ್ಲಿ ತ್ರಿಕೋನದ ಪಾತ್ರ ವಹಿಸುವ ನೆಸ್ಟ್ ಬೀಜಗಣಿತಗಳನ್ನು ರಿಂಗ್ರೋಸ್ 1965ರಲ್ಲಿ ಪರಿಚಯಿಸಿದರು. ಅಲ್ಲೂ ಡೆರಿವೇಶನ್‌ಗಳೆಲ್ಲ ಒಳಗಿನವೇ ಎಂದು ಕ್ರಿಸ್ಟೆನ್ಸನ್ 1977ರಲ್ಲಿ ತೋರಿಸಿದರು.

ಒಂದು ಎಚ್ಚರಿಕೆ. ಸಂಖ್ಯೆಗಳ ಬದಲು ಬಹುಪದಗಳನ್ನು ಮ್ಯಾಟ್ರಿಕ್ಸಿನಲ್ಲಿ ತುಂಬಿದರೆ, ಪ್ರತಿ ಜಾಗದ ಬಹುಪದದ ನಿಷ್ಪನ್ನ ತೆಗೆಯುವುದು ಕೂಡ ಡೆರಿವೇಶನ್, ಅದು ಒಳಗಿನದಲ್ಲ. ಆದರೆ ಅಲ್ಲೂ ಬೇರೇನೂ ಇಲ್ಲ. ಒಳಗಿನದೊಂದು, ಹೀಗೆ ಜಾಗಜಾಗಕ್ಕೆ ಹಾಕಿದ್ದೊಂದು, ಇವೆರಡರ ಮೊತ್ತ ಅಷ್ಟೇ.

ಈಗ ಇನ್ನೊಂದು ಸಡಿಲಿಕೆ. ವರ್ಗದ ಬದಲು ಎಕ್ಸ್×ವೈ − ವೈ×ಎಕ್ಸ್ ಎಂಬ ವ್ಯತ್ಯಾಸಕ್ಕೆ ಮಾತ್ರ ಲೈಬ್ನಿಟ್ಸ್ ನಿಯಮ ಇರಲಿ. ಇದು ಗಣಿತಜ್ಞ ಸೋಫಸ್ ಲೀ ಹೆಸರಿನ ಲೀ ಡೆರಿವೇಶನ್. ಇಲ್ಲಿ ಕಥೆ ಬೇರೆಯಾಗುತ್ತದೆ. ಎಲ್([ಅ, ಬ, ಕ]) = [ಅ, 0, ಅ] ಎಂಬ ನಕ್ಷೆ ನೋಡಿ. ಎರಡು ತ್ರಿಕೋನ ಮ್ಯಾಟ್ರಿಕ್ಸ್‌ಗಳ ಗುಣಲಬ್ಧದ ವ್ಯತ್ಯಾಸದಲ್ಲಿ ಕರ್ಣ ಯಾವಾಗಲೂ ಸೊನ್ನೆ, ಹಾಗಾಗಿ ಎಲ್ ಅದನ್ನು ಸೊನ್ನೆಗೆ ಕಳಿಸುತ್ತದೆ. ಆಚೆ ಕಡೆ ಬರುವುದು ತತ್ಸಮದ ಗುಣಕಗಳು, ಅವು ಎಲ್ಲರ ಜೊತೆಯೂ ಹಿಂದುಮುಂದಾಗಿ ಗುಣಿಸಿಕೊಳ್ಳುತ್ತವೆ, ಆದ್ದರಿಂದ ಅಲ್ಲೂ ಸೊನ್ನೆ. ಎಲ್ ಲೀ ನಿಯಮ ಪಾಲಿಸಿತು. ಆದರೆ ಅದು ತತ್ಸಮವನ್ನು ತತ್ಸಮಕ್ಕೇ ಕಳಿಸುತ್ತದೆ, ಡೆರಿವೇಶನ್ ಆಗಿದ್ದರೆ ಸೊನ್ನೆಗೆ ಕಳಿಸಬೇಕಿತ್ತು.

ಯಾಕೆ ತಪ್ಪಿಸಿಕೊಂಡಿತು? ಇ×ಇ = ಇ ಎಂಬ ಮಾತು ಲೀ ನಿಯಮದ ಕಿವಿಗೇ ಬೀಳುವುದಿಲ್ಲ. ಅದು ವ್ಯತ್ಯಾಸಗಳನ್ನಷ್ಟೇ ಕೇಳಿಸಿಕೊಳ್ಳುತ್ತದೆ, ಮತ್ತು ಇ×ಇ − ಇ×ಇ ಎಂದರೆ ಸೊನ್ನೆ. ಜೋರ್ಡಾನ್ ಲೆಕ್ಕದಲ್ಲಿ ಪ = 2ಪ ಎಂದು ಹಿಡಿದು ಹಾಕಿದ ಕೈ ಇಲ್ಲಿ ಇಲ್ಲ. ಆದರೂ ಹೊರಗಿನಿಂದ ನುಸುಳಿದ್ದು ಇಂಥದ್ದೊಂದೇ. ನಮ್ಮ ತ್ರಿಕೋನ ಮ್ಯಾಟ್ರಿಕ್ಸ್‌ಗಳ ಮೇಲೆ ಲೀ ಡೆರಿವೇಶನ್ ಎಂದರೆ ಡೆರಿವೇಶನ್ ಜೊತೆಗೆ, ಕೇಂದ್ರಕ್ಕೆ (ಎಲ್ಲರ ಜೊತೆಯೂ ಹಿಂದುಮುಂದಾಗಿ ಗುಣಿಸಿಕೊಳ್ಳುವ ವಸ್ತುಗಳಿಗೆ) ಕಳಿಸುವ, ವ್ಯತ್ಯಾಸಗಳನ್ನು ಸೊನ್ನೆ ಮಾಡುವ ಒಂದು ನಕ್ಷೆ. ಹೆಚ್ಚು ಸಾಮಾನ್ಯವಾದ ತ್ರಿಕೋನ ಬೀಜಗಣಿತಗಳಲ್ಲಿ ಇದು ಯಾವಾಗ ನಿಲ್ಲುತ್ತದೆ ಎಂಬ ಷರತ್ತುಗಳನ್ನು ಚೆಯುಂಗ್ 2003ರಲ್ಲಿ ಕೊಟ್ಟರು.

ಮೂರನೆಯ ಸಡಿಲಿಕೆ ನನಗೆ ಮೊದಲ ಸಲ ಓದಿದಾಗ ನಂಬಲಾಗದಷ್ಟು ಸಡಿಲ ಅನಿಸಿತ್ತು. ನಕ್ಷೆ ಡೆರಿವೇಶನ್ ಆಗಿರಬೇಕಿಲ್ಲ. ಪ್ರತಿ ಎಕ್ಸ್‌ಗೂ, ಆ ಎಕ್ಸ್‌ನಲ್ಲಿ ಅದರ ಬೆಲೆಗೆ ಹೊಂದುವ ಯಾವುದೋ ಒಂದು ಡೆರಿವೇಶನ್ ಇದ್ದರೆ ಸಾಕು. ಎಕ್ಸ್ ಬದಲಾದರೆ ಆ ಡೆರಿವೇಶನ್ನೂ ಬದಲಾಗಬಹುದು. 1990ರಲ್ಲಿ ಕ್ಯಾಡಿಸನ್ ಇವಕ್ಕೆ ಲೋಕಲ್ ಡೆರಿವೇಶನ್ ಎಂದರು. ಅದೇ ವರ್ಷ ಲಾರ್ಸನ್ ಮತ್ತು ಸೂರೂರ್ ಕೂಡ ಇದನ್ನೇ ಕೈಗೆತ್ತಿಕೊಂಡರು. ನಮ್ಮ 2×2 ತ್ರಿಕೋನದಲ್ಲಿ ಉತ್ತರ ಒಂದೇ ಉಸಿರಿನಲ್ಲಿ ಬರುತ್ತದೆ. ಇ ಮೇಲೆ ಯಾವ ಡೆರಿವೇಶನ್ ಹಾಕಿದರೂ ಮೂಲೆಯಲ್ಲಿ ಬೀಳುತ್ತದೆ, ಮೂ ಮೇಲೆ ಹಾಕಿದರೂ ಮೂಲೆಯಲ್ಲೇ, ತತ್ಸಮದ ಮೇಲೆ ಹಾಕಿದರೆ ಸೊನ್ನೆ. ರೇಖೀಯ ನಕ್ಷೆಗೆ ಈ ಮೂರು ಬೆಲೆ ಸಾಕು, ಸೂತ್ರ ಮತ್ತೆ ಸ×ಬ + ಮ×(ಅ − ಕ). ಲೋಕಲ್ ಆಗಿದ್ದದ್ದು ಡೆರಿವೇಶನ್ನೇ ಆಯಿತು.

ಇದು ಎಲ್ಲ ಕಡೆಯೂ ನಡೆಯುವುದಿಲ್ಲ. 3×3 ತ್ರಿಕೋನ ಮ್ಯಾಟ್ರಿಕ್ಸ್‌ಗಳ ಒಳಗೇ ಒಂದು ಸಣ್ಣ ಲೋಕ ಆರಿಸೋಣ: ಕರ್ಣದ ಮೂರೂ ಜಾಗದಲ್ಲಿ ಅ, ಅದರ ಮೇಲಿನ ಓರೆ ಸಾಲಿನ ಎರಡೂ ಜಾಗದಲ್ಲಿ ಬ, ಮೂಲೆಯಲ್ಲಿ ಕ. ಇದನ್ನು ⟨ಅ, ಬ, ಕ⟩ ಎಂದು ಬರೆಯೋಣ. ಇವು ಎರಡನೇ ಘಾತದವರೆಗಿನ ಬಹುಪದಗಳಂತೆ ಗುಣಿಸಿಕೊಳ್ಳುತ್ತವೆ, ಮೂರನೇ ಘಾತ ಬಂದರೆ ಬಿಸಾಡುತ್ತೇವೆ. ವಾಸ್ತವ ಸಂಖ್ಯೆಗಳ ಮೇಲೆ ಇಲ್ಲಿನ ಡೆರಿವೇಶನ್ ಯಾವುದೇ ಇರಲಿ, ಅದು ⟨ಅ, ಬ, ಕ⟩ಯನ್ನು ⟨0, ಸ×ಬ, ತ×ಬ + 2ಸ×ಕ⟩ಗೆ ಕಳಿಸುತ್ತದೆ. ಸ, ತ ಎಂದರೆ ಆ ಡೆರಿವೇಶನ್ ಯಾವುದೆಂದು ತೀರ್ಮಾನಿಸುವ ಎರಡು ಸಂಖ್ಯೆ. ಕ ಜೊತೆ ಬಂದಿರುವ ಆ 2 ವರ್ಗದ ನಿಷ್ಪನ್ನದಲ್ಲಿ ಬರುವ 2ವೇ, ಬೇರೆಯದಲ್ಲ.

ಈಗ ⟨ಅ, ಬ, ಕ⟩ಯನ್ನು ⟨0, ಬ, ಕ⟩ಗೆ ಕಳಿಸಿ. 2 ಇಲ್ಲ, ಆದ್ದರಿಂದ ಇದು ಡೆರಿವೇಶನ್ ಅಲ್ಲ. ಆದರೆ ಲೋಕಲ್ ಆಗಿ ನೋಡಿ. ಬ ಸೊನ್ನೆಯಲ್ಲದಿದ್ದರೆ ಸ = 1, ತ = −ಕ/ಬ ಎಂದು ಆರಿಸಿ, ಬೆಲೆ ಸರಿಹೊಂದುತ್ತದೆ. ಬ ಸೊನ್ನೆಯಾದರೆ ಸ = 1/2 ಆರಿಸಿ, ಮತ್ತೆ ಸರಿಹೊಂದುತ್ತದೆ. ಪ್ರತಿ ಬಿಂದುವಿನಲ್ಲೂ ಡೆರಿವೇಶನ್‌ನಂತೆ ಕಾಣುತ್ತದೆ, ಒಟ್ಟಾರೆ ಡೆರಿವೇಶನ್ ಅಲ್ಲ.

ವ್ಯತ್ಯಾಸ ಎಲ್ಲಿ? ಈ ಸಣ್ಣ ಲೋಕದಲ್ಲಿ ವರ್ಗ ಮಾಡಿದರೂ ಬದಲಾಗದ ವಸ್ತುಗಳು ಎರಡೇ: ಸೊನ್ನೆ ಮತ್ತು ತತ್ಸಮ. ಪೂರ್ತಿ ತ್ರಿಕೋನ ಲೋಕದಲ್ಲಾದರೆ ಅವು ಬೇಕಾದಷ್ಟಿವೆ. [1, 7, 0] ಕೂಡ ಅಂಥದ್ದೇ, 7ರ ಜಾಗದಲ್ಲಿ ಏನು ಹಾಕಿದರೂ ಅಂಥದ್ದೇ. ಇಂಥವನ್ನು ಸಂಖ್ಯೆಗಳಿಂದ ಗುಣಿಸಿ, ಕೂಡಿಸಿ ಕಳೆದು ಇಡೀ ಲೋಕವನ್ನೇ ಕಟ್ಟಬಹುದು. ನಾನು ಈ ಉಪನ್ಯಾಸದಲ್ಲಿ ಹೇಳಬೇಕೆಂದಿದ್ದದ್ದು ಇದನ್ನೇ. ದುರ್ಬಲ ನಿಯಮವೊಂದು ಪೂರ್ತಿ ಲೈಬ್ನಿಟ್ಸ್ ನಿಯಮವಾಗಿ ಗಟ್ಟಿಯಾಗುತ್ತದೋ ಇಲ್ಲವೋ ಎಂದು ತಿಳಿಯಬೇಕಾದರೆ ನಾನು ಮೊದಲು ಐಡೆಂಪೊಟೆಂಟ್‌ಗಳನ್ನು ಎಣಿಸುತ್ತೇನೆ, ಮತ್ತು ಆ ನಿಯಮಕ್ಕೆ ಅವು ಕಾಣುತ್ತವಾ ಎಂದು ಕೇಳುತ್ತೇನೆ. ಪ್ರಬಂಧಗಳಲ್ಲಿ ಪುಟಗಟ್ಟಲೆ ಹರಡಿರುವ ಲೆಕ್ಕಗಳ ತಳದಲ್ಲಿ ಬಹಳ ಸಲ ಪ = 2ಪ ಎಂಬ ಆ ಒಂದು ಸಾಲೇ ಇರುತ್ತದೆ.

ಕೊನೆಯಲ್ಲಿ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. "ಸರ್, ಮೂಲೆ ಮೂಲೆ ಅಂತ ಮೇಲಿನದನ್ನೇ ಹೇಳಿದ್ರಿ. ಕೆಳಗಡೆ ಸೊನ್ನೆ ಇದೆಯಲ್ಲ, ಅದಕ್ಕೇನೂ ಕೆಲಸ ಇಲ್ವಾ?"

ಇದೆ. ಇಲ್ಲಿಯವರೆಗೆ ನಮ್ಮ ನಕ್ಷೆಗಳ ಬೆಲೆಗಳು ತ್ರಿಕೋನ ಲೋಕದೊಳಗೇ ಬೀಳುತ್ತಿದ್ದವು. ಬೆಲೆಗಳು ಬೇರೆ ಜಾಗಕ್ಕೆ ಹೋಗಲಿ. ಆ ಜಾಗದಲ್ಲಿರುವುದು ಬರೀ ಸಂಖ್ಯೆಗಳು, ಆದರೆ [ಅ, ಬ, ಕ] ಎಡದಿಂದ ಬಂದರೆ ಕ ಇಂದ ಗುಣಿಸುತ್ತದೆ, ಬಲದಿಂದ ಬಂದರೆ ಅ ಇಂದ. ಖಾಲಿಯಿದ್ದ ಆ ಕೆಳಮೂಲೆ ಹೇಗೆ ನಡೆದುಕೊಳ್ಳುತ್ತಿತ್ತೋ ಹಾಗೆ. ಈಗ [ಅ, ಬ, ಕ]ಯನ್ನು ಬ ಎಂಬ ಸಂಖ್ಯೆಗೆ ಕಳಿಸಿ. ವರ್ಗದ ಮೂಲೆಯಲ್ಲಿರುವುದು ಅ×ಬ + ಬ×ಕ. ನಿಯಮದ ಬಲಗಡೆ ಬರುವುದೂ ಬ×ಅ + ಕ×ಬ. ವರ್ಗದ ನಿಯಮ ಸರಿಹೋಯಿತು. ಆದರೆ ಎರಡು ಬೇರೆ ಬೇರೆ ಮ್ಯಾಟ್ರಿಕ್ಸ್ [ಅ, ಬ, ಕ] ಮತ್ತು [ಪ, ಮ, ರ] ತೆಗೆದುಕೊಂಡರೆ ಗುಣಲಬ್ಧದ ಮೂಲೆಯಲ್ಲಿ ಅ×ಮ + ಬ×ರ, ಲೈಬ್ನಿಟ್ಸ್ ನಿಯಮ ಕೇಳುವುದು ಬ×ಪ + ಕ×ಮ. ಹೊಂದುವುದಿಲ್ಲ. ಅದೇ ನಿಯಮವನ್ನು ತಿರುವುಮುರುವು ಮಾಡಿ, ಎರಡನೆಯದರ ಬೆಲೆಯನ್ನು ಮೊದಲನೆಯದರಿಂದ, ಎರಡನೆಯದರಿಂದ ಮೊದಲನೆಯದರ ಬೆಲೆಯನ್ನು ಗುಣಿಸಿ ಕೂಡಿಸಿದರೆ ಮ×ಅ + ರ×ಬ ಬರುತ್ತದೆ, ಸರಿಯಾಗಿ ಹೊಂದುತ್ತದೆ. ಇಂಥ ತಿರುವುಮುರುವು ನಕ್ಷೆಗೆ ಆಂಟಿಡೆರಿವೇಶನ್ ಎನ್ನುತ್ತಾರೆ. ತ್ರಿಕೋನ ಮ್ಯಾಟ್ರಿಕ್ಸ್‌ಗಳಿಂದ ಹೀಗೆ ಎರಡೂ ಕಡೆಯಿಂದ ಗುಣಿಸಲು ಬರುವ ಯಾವ ಬೈಮಾಡ್ಯೂಲ್‌ಗೆ ಹೋಗುವ ಜೋರ್ಡಾನ್ ಡೆರಿವೇಶನ್ ಆದರೂ ಒಂದು ಡೆರಿವೇಶನ್ ಮತ್ತು ಒಂದು ಆಂಟಿಡೆರಿವೇಶನ್ ಇವುಗಳ ಮೊತ್ತ ಎಂದು ಬೆಂಕೋವಿಚ್ 2005ರಲ್ಲಿ ತೋರಿಸಿದರು. ನಮ್ಮ 2×2 ಲೋಕದೊಳಗೆ ಆ ಎರಡನೆಯದಕ್ಕೆ ಬೇಕಾಗಿದ್ದದ್ದು ಕೆಳಗಿನ ಮೂಲೆ. ಅಲ್ಲಿ ಸೊನ್ನೆ ಕುಳಿತಿದೆ.